620ರ ಸರಾಸರಿ, 491ರ ಫಲಿತಾಂಶ: ನೀಟ್ 2025ರ ಒಂದು ಪ್ರಕರಣ ಅಧ್ಯಯನ

ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ನಡೆದ ದಿನ, 2025ರ ಮೇ 4ರ ಭಾನುವಾರ, ರಾತ್ರಿ ಒಂಬತ್ತೂವರೆಯ ಹೊತ್ತಿಗೆ ನಮ್ಮ ಕಾಲೇಜಿನ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳ ತಂದೆ ನನಗೆ ಫೋನ್ ಮಾಡಿದರು. "ಸರ್, ಮಗಳು ಬಂದಾಗಿನಿಂದ ಊಟ ಮುಟ್ಟಿಲ್ಲ. ಐನೂರೂ ಬರಲ್ಲ ಅಂತಿದ್ದಾಳೆ. ನೀವು ಆರುನೂರ ಇಪ್ಪತ್ತಕ್ಕೆ ಮೋಸ ಇಲ್ಲ ಅಂದಿದ್ರಲ್ಲ?" ಎಂದು ಕೇಳಿದರು. ಆ ಮಾತನ್ನು ನಾನು ಹೇಳಿದ್ದು ನಿಜ. ಮಾರ್ಚ್ ಕೊನೆಯಲ್ಲಿ ನಡೆದ ಪಾಲಕರ ಸಭೆಯಲ್ಲಿ ಹಂಚಿದ ಹಾಳೆಯಲ್ಲಿ 'ನಿರೀಕ್ಷಿತ ನೀಟ್ ಅಂಕ' ಎಂಬ ಒಂದು ಕಾಲಂ ಇತ್ತು, ಆ ಹುಡುಗಿಯ ಹೆಸರಿನ ಮುಂದೆ 620 ಎಂದು ನಾನೇ ಬರೆದಿದ್ದೆ. ಜೂನ್ 14ರಂದು ಫಲಿತಾಂಶ ಪ್ರಕಟವಾದಾಗ ಆಕೆಗೆ ಬಂದದ್ದು 491.

ಈ 129 ಅಂಕಗಳು ಎಲ್ಲಿ ಹೋದವು ಎಂಬ ಪ್ರಶ್ನೆಗೆ ಅಂದು ಫೋನಿನಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. "ಪೇಪರ್ ಕಷ್ಟ ಇತ್ತಂತೆ" ಎಂದಷ್ಟೇ ಹೇಳಿದೆ. ಅಷ್ಟಕ್ಕೇ ಬಿಟ್ಟುಬಿಡಬಾರದು ಎನ್ನಿಸಿದ್ದರಿಂದ ಆಕೆಯ ಅಣಕು ಪರೀಕ್ಷೆಗಳ ಉತ್ತರಪತ್ರಿಕೆಗಳು, ಪರೀಕ್ಷಾ ಕೊಠಡಿಯಿಂದ ಆಕೆ ಮನೆಗೆ ತಂದ ಪ್ರಶ್ನೆಪತ್ರಿಕೆ, ಅಂತಿಮ ಕೀ ಉತ್ತರ ಎಲ್ಲವನ್ನೂ ಮುಂದಿಟ್ಟುಕೊಂಡು ಎರಡು ವಾರ ಕುಳಿತು ಲೆಕ್ಕ ಹಾಕಿದೆ. ಆಕೆಯ ಮತ್ತು ಮನೆಯವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರನ್ನು ಬಿಟ್ಟು, ಆ ಲೆಕ್ಕವನ್ನು ಇಲ್ಲಿ ಬರೆದಿದ್ದೇನೆ.

ಹಿನ್ನೆಲೆ

ವಿದ್ಯಾರ್ಥಿನಿ ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಿಂದ ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿಯವಳು. ಮನೆಯಲ್ಲಿ ಎರಡು ಎಕರೆ ಅಡಿಕೆ ತೋಟವಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡು ಇಂಗ್ಲಿಷಿಗೆ ಬಂದವಳು. ಬೆಳಿಗ್ಗೆ ಕಾಲೇಜು, ಸಂಜೆ ಕಾಲೇಜಿನಲ್ಲಿಯೇ ನಡೆಯುವ ನೀಟ್ ತರಗತಿ, ಭಾನುವಾರ ಅಣಕು ಪರೀಕ್ಷೆ, ಇದು ಆಕೆಯ ದಿನಚರಿ. 2024ರ ಡಿಸೆಂಬರ್‌ನಿಂದ 2025ರ ಏಪ್ರಿಲ್ ಕೊನೆಯವರೆಗೆ ಒಟ್ಟು ಹದಿನಾಲ್ಕು ಪೂರ್ಣ ಅಣಕು ಪರೀಕ್ಷೆಗಳನ್ನು ಬರೆದಳು. ಮಾರ್ಚ್ 1ರಿಂದ 20ರವರೆಗೆ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆ ಇದ್ದುದರಿಂದ ಆಗ ಮಾತ್ರ ಅಣಕು ಪರೀಕ್ಷೆ ಇರಲಿಲ್ಲ.

ಈ ಹದಿನಾಲ್ಕರಲ್ಲಿ ಮೊದಲ ಆರು ಹಳೆಯ ಮಾದರಿಯವು. 2021ರಿಂದ 2024ರವರೆಗೆ ನೀಟ್ ಪ್ರಶ್ನೆಪತ್ರಿಕೆಯಲ್ಲಿ 200 ಪ್ರಶ್ನೆಗಳಿದ್ದು 180ಕ್ಕೆ ಮಾತ್ರ ಉತ್ತರಿಸಬೇಕಿತ್ತು. ಪ್ರತಿ ವಿಷಯದ 'ಬಿ' ವಿಭಾಗದ ಹದಿನೈದರಲ್ಲಿ ಹತ್ತನ್ನು ಆರಿಸಿಕೊಳ್ಳುವ ಅವಕಾಶವಿತ್ತು, 2022ರಿಂದ ಅದಕ್ಕೆ 200 ನಿಮಿಷಗಳ ಸಮಯವೂ ಇತ್ತು. 2025ರ ಜನವರಿ ಕೊನೆಯಲ್ಲಿ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ, ಆಯ್ಕೆಯನ್ನೂ ಹೆಚ್ಚುವರಿ ಸಮಯವನ್ನೂ ತೆಗೆದುಹಾಕಿ, ಕೋವಿಡ್‌ಗಿಂತ ಮುಂಚಿನಂತೆ 180 ಪ್ರಶ್ನೆ, 180 ನಿಮಿಷ ಎಂದು ಪ್ರಕಟಿಸಿತು. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90 ಪ್ರಶ್ನೆಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಒಟ್ಟು 720.

ಹೀಗಾಗಿ ಮೊದಲ ಆರು ಪರೀಕ್ಷೆಗಳನ್ನು ಪಕ್ಕಕ್ಕಿಟ್ಟು, ಹೊಸ ಮಾದರಿಯ ಕೊನೆಯ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೇನೆ. ಆ ಎಂಟರಲ್ಲಿ ಆಕೆಗೆ ಬಂದ ಅಂಕಗಳು ಕ್ರಮವಾಗಿ 598, 612, 605, 631, 618, 640, 622 ಮತ್ತು 634. ಸರಾಸರಿ ಸರಿಯಾಗಿ 620. ಮನೆಯವರ ನೆನಪಿನಲ್ಲಿ ಉಳಿದದ್ದು 640, ನನ್ನ ಹಾಳೆಯಲ್ಲಿ ಇದ್ದದ್ದು 620, ಆಕೆ ತನ್ನ ನೋಟ್‌ಬುಕ್ಕಿನ ಹಿಂಬದಿಯ ರಟ್ಟಿನ ಮೇಲೆ ಬರೆದುಕೊಂಡಿದ್ದ ಗುರಿ 650.

ಕೆಟ್ಟ ದಿನ ಎಂಬ ವಿವರಣೆ

ಇಂಥ ಸಂದರ್ಭದಲ್ಲಿ ಎಲ್ಲರ ಬಾಯಿಗೆ ಮೊದಲು ಬರುವ ಮಾತು 'ಟೆನ್ಷನ್' ಎಂಬುದು. ಮಗು ಹೆದರಿಬಿಟ್ಟಿತು, ಅಂದು ದಿನ ಸರಿಯಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಮೇಲಿನ ಎಂಟು ಅಂಕಗಳನ್ನು ಮತ್ತೊಮ್ಮೆ ನೋಡಿದರೆ, ಯಾವ ಭಾನುವಾರವೂ ಆಕೆ ಸರಾಸರಿಯಿಂದ 22 ಅಂಕಗಳಿಗಿಂತ ಆಚೆ ಹೋಗಿಲ್ಲ. ಅವುಗಳಲ್ಲಿ ಒಂದನ್ನು ಜ್ವರದಲ್ಲಿ ಬರೆದಿದ್ದಳು, ಇನ್ನೊಂದರ ಹಿಂದಿನ ರಾತ್ರಿ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ಆಕೆಯಲ್ಲಿ ಇದ್ದ ವ್ಯತ್ಯಾಸವೇ ಹೆಚ್ಚೆಂದರೆ 42 ಅಂಕ. ಹಾಗಿರುವಾಗ 129 ಅಂಕಗಳ ಕುಸಿತವನ್ನು ಹೆದರಿಕೆಯ ತಲೆಗೆ ಕಟ್ಟಿದರೆ ಅದು ಆ ಹುಡುಗಿಗೆ ಮಾಡುವ ಅನ್ಯಾಯವಾಗುತ್ತದೆ.

ಇದನ್ನು ಒತ್ತಿ ಹೇಳಲು ಇನ್ನೊಂದು ಕಾರಣವೂ ಇದೆ. ನೀಟ್‌ಗಿಂತ ಹದಿನೆಂಟು ದಿನ ಮೊದಲು, ಏಪ್ರಿಲ್ 16 ಮತ್ತು 17ರಂದು, ಇದೇ ಹುಡುಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ವೃತ್ತಿಪರ ಕೋರ್ಸುಗಳ ಪ್ರವೇಶಕ್ಕೆ ನಡೆಸುವ ಸಿಇಟಿಯನ್ನು ಬರೆದಿದ್ದಳು. ಅದಕ್ಕಾಗಿ ಹಿಂದಿನ ವರ್ಷಗಳ ನಾಲ್ಕು ಪ್ರಶ್ನೆಪತ್ರಿಕೆಗಳನ್ನು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಬಿಡಿಸಿದ್ದಳು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ 180ಕ್ಕೆ ಆಕೆಯ ಅಭ್ಯಾಸದ ಸರಾಸರಿ 146 ಇತ್ತು, ನಿಜವಾದ ಪರೀಕ್ಷೆಯಲ್ಲಿ 143 ಬಂತು. ಸಿಇಟಿಯಲ್ಲಿಯೂ ಉತ್ತರದ ವೃತ್ತಗಳನ್ನು ತುಂಬುವ ಓಎಂಆರ್ ಹಾಳೆ ಇದೆ, ಅಪರಿಚಿತ ಕೊಠಡಿ ಇದೆ, ಹೊರಗೆ ಕಾಯುವ ತಂದೆ ಇದ್ದಾರೆ. ಪರೀಕ್ಷೆಯ ಹೆದರಿಕೆಯೇ ಅಂಕ ತಿನ್ನುವುದಾಗಿದ್ದರೆ ಅಲ್ಲಿಯೂ ತಿನ್ನಬೇಕಿತ್ತು.

ಸಿಇಟಿಯಲ್ಲಿ ಅಭ್ಯಾಸದ ಅಂಕವೂ ನಿಜದ ಅಂಕವೂ ಇಷ್ಟು ಹತ್ತಿರ ಬಂದದ್ದಕ್ಕೆ ಕಾರಣ ಅದರ ಸ್ವರೂಪದಲ್ಲಿದೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಪ್ರತಿ ವಿಷಯಕ್ಕೂ ಸಮಯ ಬೇರೆಯಾಗಿರುವುದರಿಂದ ರಸಾಯನಶಾಸ್ತ್ರದಲ್ಲಿ ತಡವಾದರೆ ಅದರ ಪೆಟ್ಟು ಭೌತಶಾಸ್ತ್ರಕ್ಕೆ ತಗಲುವುದಿಲ್ಲ. (ಈ ಅಂಶ ಮುಂದೆ ಬಹಳ ಮುಖ್ಯವಾಗುತ್ತದೆ.) ಹಾಗೆಂದು ಸಿಇಟಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2024ರ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಭಾಗಗಳಿಂದ ಪ್ರಶ್ನೆಗಳು ಬಂದು, ಕೊನೆಗೆ ಭೌತಶಾಸ್ತ್ರದಲ್ಲಿ 9, ರಸಾಯನಶಾಸ್ತ್ರ ಮತ್ತು ಗಣಿತದಲ್ಲಿ ತಲಾ 15, ಜೀವಶಾಸ್ತ್ರದಲ್ಲಿ 11, ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಆ ವರ್ಷ ಹಳೆಯ ಪತ್ರಿಕೆಗಳನ್ನು ಎಷ್ಟು ಬಿಡಿಸಿದ್ದರೂ ಅಂಥ ಸ್ಥಿತಿಯನ್ನು ಯಾವ ವಿದ್ಯಾರ್ಥಿಯೂ ಊಹಿಸಲು ಸಾಧ್ಯವಿರಲಿಲ್ಲ.

ವಿಷಯವಾರು ಲೆಕ್ಕ

ಅಣಕು ಪರೀಕ್ಷೆಗಳಲ್ಲಿ ಆಕೆಯ 620ರ ಸರಾಸರಿ ಬಂದದ್ದು ಭೌತಶಾಸ್ತ್ರದ 140, ರಸಾಯನಶಾಸ್ತ್ರದ 150, ಜೀವಶಾಸ್ತ್ರದ 330ರಿಂದ. ನೀಟ್‌ನಲ್ಲಿ ಬಂದದ್ದು ಭೌತಶಾಸ್ತ್ರದಲ್ಲಿ 71, ರಸಾಯನಶಾಸ್ತ್ರದಲ್ಲಿ 118, ಜೀವಶಾಸ್ತ್ರದಲ್ಲಿ 302. ಕುಸಿತದ ಅರ್ಧಕ್ಕಿಂತ ಹೆಚ್ಚು ಭಾಗ, 69 ಅಂಕ, ಭೌತಶಾಸ್ತ್ರ ಒಂದರಲ್ಲೇ ಆಗಿದೆ. ಆ ವಿಷಯ ಕಲಿಸಿದವನು ನಾನೇ ಆದ್ದರಿಂದ ಈ ಸಂಖ್ಯೆಯ ಮುಂದೆ ಬಹಳ ಹೊತ್ತು ಕುಳಿತಿದ್ದೆ.

ನನ್ನ ಮೊದಲ ಅನುಮಾನ ಇದ್ದದ್ದು ಪುನರಾವರ್ತನೆಯ ಮೇಲೆ. ಅಣಕು ಪರೀಕ್ಷೆಯ ಪ್ರಶ್ನೆಗಳು ಬರುವುದು ಪ್ರಶ್ನೆ ಸಂಗ್ರಹಗಳಿಂದ. ಅದೇ ಪ್ರಶ್ನೆಗಳು ವಿದ್ಯಾರ್ಥಿಗಳ ಅಭ್ಯಾಸ ಪುಸ್ತಕಗಳಲ್ಲಿಯೂ ಇರುತ್ತವೆ, ಮೊಬೈಲ್ ಆ್ಯಪ್‌ಗಳಲ್ಲಿಯೂ ಇರುತ್ತವೆ, ಕೆಲವೊಮ್ಮೆ ಸಂಖ್ಯೆಯನ್ನೂ ಬದಲಿಸಿರುವುದಿಲ್ಲ. ಹಾಗಾದರೆ ಅಣಕು ಪರೀಕ್ಷೆ ಅಳೆದದ್ದು ತಿಳಿವಳಿಕೆಯನ್ನೋ ಜ್ಞಾಪಕಶಕ್ತಿಯನ್ನೋ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಪರೀಕ್ಷಿಸಲು ಕೊನೆಯ ಎರಡು ಅಣಕು ಪತ್ರಿಕೆಗಳ 90 ಭೌತಶಾಸ್ತ್ರ ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಆಕೆಯ ಅಭ್ಯಾಸ ಪುಸ್ತಕ ಮತ್ತು ನೋಟ್‌ಬುಕ್ಕುಗಳಲ್ಲಿ ಹುಡುಕಿದೆ. 25 ಪ್ರಶ್ನೆಗಳು ಆಕೆ ಮೊದಲೇ ಬಿಡಿಸಿದ್ದವು. ಅವುಗಳಲ್ಲಿ 24 ಸರಿ. ಹೊಸದಾಗಿದ್ದ 65ರಲ್ಲಿ 50 ಸರಿ.

ಅಂದರೆ ಪರಿಚಯದ ಪ್ರಶ್ನೆಗಳು ಆಕೆಗೆ ಸಹಾಯ ಮಾಡಿದ್ದು ನಿಜ. ಆದರೆ ಹೊಸ ಪ್ರಶ್ನೆಗಳಲ್ಲಿಯೂ ನೂರಕ್ಕೆ 77ರಷ್ಟು ಸರಿ ಮಾಡಿದ್ದಾಳೆ. ಎಲ್ಲ 45 ಪ್ರಶ್ನೆಗಳೂ ಹೊಸವೇ ಆಗಿದ್ದರೂ ಈ ಲೆಕ್ಕದಲ್ಲಿ ಆಕೆಗೆ 128ರಷ್ಟು ಬರಬೇಕಿತ್ತು. ಪುನರಾವರ್ತನೆಯಿಂದ ಉಬ್ಬಿದ್ದು ಭೌತಶಾಸ್ತ್ರದಲ್ಲಿ ಸುಮಾರು 12 ಅಂಕ ಮಾತ್ರ. ನಾನು ಇದನ್ನೇ ಮುಖ್ಯ ಕಾರಣ ಎಂದು ಭಾವಿಸಿ ಲೆಕ್ಕ ಶುರುಮಾಡಿದ್ದೆ, ಲೆಕ್ಕ ನನ್ನ ಊಹೆಯನ್ನು ಒಪ್ಪಲಿಲ್ಲ.

ಪ್ರಶ್ನೆಪತ್ರಿಕೆಯ ಅಂಚುಗಳು

ನೀಟ್‌ನಲ್ಲಿ ಓಎಂಆರ್ ಹಾಳೆಯನ್ನು ಒಪ್ಪಿಸಿ ಪ್ರಶ್ನೆಪತ್ರಿಕೆಯನ್ನು ಮನೆಗೆ ಒಯ್ಯಲು ಬಿಡುತ್ತಾರೆ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ತಿಳಿಸಿದ್ದು ಆ ಪತ್ರಿಕೆ. ಆಕೆ ಸಣ್ಣ ಅಕ್ಷರದಲ್ಲಿ ಅಂಚಿನಲ್ಲೇ ರಫ್ ಲೆಕ್ಕ ಮಾಡುವವಳು, ಉತ್ತರ ಸಿಕ್ಕಿದ ಪ್ರಶ್ನೆಯ ಸಂಖ್ಯೆಗೆ ಒಂದು ಸುತ್ತು ಹಾಕುವವಳು. ಜೀವಶಾಸ್ತ್ರದ ಪುಟಗಳು ಸ್ವಚ್ಛವಾಗಿವೆ. ರಸಾಯನಶಾಸ್ತ್ರದ ಪುಟಗಳ ಅಂಚುಗಳಲ್ಲಿ ಜಾಗವೇ ಉಳಿದಿಲ್ಲ. ಸಮತೋಲನ ಸ್ಥಿರಾಂಕದ ಒಂದು ಲೆಕ್ಕವನ್ನು ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಪುಟದ ತಲೆಯ ಮೇಲೆ ಮಾಡಿದ್ದಾಳೆ. ಇನ್ನು ಭೌತಶಾಸ್ತ್ರದಲ್ಲಿ ಮೊದಲ ಪುಟಗಳು ತುಂಬಿವೆ, ನಂತರದ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು ಸುತ್ತು, ಕೊನೆಯ ಪುಟಗಳ ಅಂಚು ಬಹುಮಟ್ಟಿಗೆ ಖಾಲಿ.

ಮರುದಿನವೇ ಆಕೆಯನ್ನು ಕೇಳಿ ಸಮಯದ ಲೆಕ್ಕವನ್ನು ಬರೆದಿಟ್ಟುಕೊಂಡಿದ್ದೆ. ಅಣಕು ಪರೀಕ್ಷೆಗಳಲ್ಲಿ ಆಕೆಯ ಕ್ರಮ ಹೀಗಿತ್ತು: ಮೊದಲು ಜೀವಶಾಸ್ತ್ರ 50 ನಿಮಿಷ, ನಂತರ ರಸಾಯನಶಾಸ್ತ್ರ 55, ಕೊನೆಗೆ ಭೌತಶಾಸ್ತ್ರ 65, ಓಎಂಆರ್ ತುಂಬಲು ಒಟ್ಟು 10. ಮೇ 4ರಂದು ಜೀವಶಾಸ್ತ್ರ 55 ತೆಗೆದುಕೊಂಡಿತು, ರಸಾಯನಶಾಸ್ತ್ರ 70 ತೆಗೆದುಕೊಂಡಿತು. ಓಎಂಆರ್‌ನ 10 ಕಳೆದರೆ ಭೌತಶಾಸ್ತ್ರಕ್ಕೆ ಉಳಿದದ್ದು 45 ನಿಮಿಷ.

ಆ 45 ನಿಮಿಷಗಳಲ್ಲಿ ಆಕೆ ಉತ್ತರಿಸಿದ್ದು 29 ಪ್ರಶ್ನೆಗಳಿಗೆ. 20 ಸರಿ, 9 ತಪ್ಪು, 16 ಖಾಲಿ. ಈಗ ಅಣಕು ಪರೀಕ್ಷೆಯ ವೇಗವನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ 65 ನಿಮಿಷಕ್ಕೆ 45 ಪ್ರಶ್ನೆ, ಅಂದರೆ ಒಂದಕ್ಕೆ ಒಂದೂವರೆ ನಿಮಿಷಕ್ಕಿಂತ ತುಸು ಕಡಿಮೆ. ಇಲ್ಲಿ 45 ನಿಮಿಷಕ್ಕೆ 29, ಅಂದರೆ ಒಂದಕ್ಕೆ ಒಂದೂವರೆ ನಿಮಿಷಕ್ಕಿಂತ ತುಸು ಹೆಚ್ಚು. ವೇಗ ಹೆಚ್ಚುಕಡಿಮೆ ಅದೇ. ಆ ವರ್ಷದ ಭೌತಶಾಸ್ತ್ರ ಪತ್ರಿಕೆ ತೀರಾ ಕಠಿಣ ಮತ್ತು ದೀರ್ಘ ಎಂದು ಪರೀಕ್ಷೆ ಬರೆದವರೂ ಕಲಿಸುವವರೂ ಒಂದೇ ಬಾಯಲ್ಲಿ ಹೇಳಿದರು, ಅದು ಸರಿಯೇ. ಆದರೂ ಈ ಹುಡುಗಿ ಭೌತಶಾಸ್ತ್ರದ ಮುಂದೆ ಕಂಗಾಲಾಗಿ ನಿಂತುಬಿಡಲಿಲ್ಲ. ಆಕೆಯ ಇಪ್ಪತ್ತು ನಿಮಿಷಗಳನ್ನು ಭೌತಶಾಸ್ತ್ರಕ್ಕೆ ಬರುವ ಮೊದಲೇ ಬೇರೆ ವಿಷಯಗಳು ತಿಂದುಹಾಕಿದ್ದವು.

ಇದನ್ನು ಖಚಿತಪಡಿಸಿಕೊಳ್ಳಲು, ಮೇ ಮೂರನೆಯ ವಾರದಲ್ಲಿ ಆಕೆಯನ್ನು ಕಾಲೇಜಿಗೆ ಕರೆದು, ಖಾಲಿ ಬಿಟ್ಟ 16 ಪ್ರಶ್ನೆಗಳನ್ನು ಗಡಿಯಾರವಿಲ್ಲದೆ ಬಿಡಿಸಲು ಕೊಟ್ಟೆ. ಅಷ್ಟರೊಳಗೆ ಉತ್ತರಗಳನ್ನು ನೋಡಿರಬಹುದಲ್ಲ ಎಂದು ಕೇಳಿದ್ದಕ್ಕೆ, ಆ ಪುಟಗಳನ್ನು ತೆರೆಯಲೇ ಮನಸ್ಸಾಗಿಲ್ಲ ಎಂದಳು. ಪ್ರಯೋಗಾಲಯದ ಬೆಂಚಿನ ಮೇಲೆ ಕುಳಿತು ಒಂಬತ್ತನ್ನು ಸರಿಯಾಗಿ ಬಿಡಿಸಿದಳು. ಏಳು ಆಕೆಗೆ ನಿಜವಾಗಿಯೂ ಬರುತ್ತಿರಲಿಲ್ಲ. ಒಂಬತ್ತನೆಯದನ್ನು ಮುಗಿಸಿ ಪೆನ್ನು ಕೆಳಗಿಟ್ಟು, "ಸರ್, ಇದು ನನಗೆ ಬರ್ತಿತ್ತು" ಎಂದಳು. ಒಂಬತ್ತು ಪ್ರಶ್ನೆ ಎಂದರೆ 36 ಅಂಕ.

ಅಣಕು ಪರೀಕ್ಷೆಗಳಲ್ಲಿ ಈ ದೌರ್ಬಲ್ಯ ನಮಗೆ ಕಾಣದಿದ್ದುದಕ್ಕೆ ಕಾರಣ ಸರಳವಾಗಿದೆ. ನಮ್ಮ ಪತ್ರಿಕೆಗಳ ರಸಾಯನಶಾಸ್ತ್ರ ಯಾವತ್ತೂ 55 ನಿಮಿಷಕ್ಕಿಂತ ಹೆಚ್ಚು ಕೇಳಿರಲಿಲ್ಲ. ಎಂಟು ಭಾನುವಾರಗಳಲ್ಲಿ ಒಮ್ಮೆಯೂ ಆಕೆ 'ಈ ವಿಷಯವನ್ನು ಇಲ್ಲಿಗೇ ಬಿಟ್ಟು ಮುಂದಕ್ಕೆ ಹೋಗಬೇಕು' ಎಂಬ ತೀರ್ಮಾನ ತೆಗೆದುಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ಅದರ ಜೊತೆಗೆ, ಅಣಕು ಪರೀಕ್ಷೆಗೆ ಆಕೆ ಕೈಗಡಿಯಾರ ಕಟ್ಟಿಕೊಂಡು ಬರುತ್ತಿದ್ದಳು. ನೀಟ್ ಕೊಠಡಿಗೆ ಕೈಗಡಿಯಾರ ಒಯ್ಯುವಂತಿಲ್ಲ. ಗೋಡೆ ಗಡಿಯಾರ ಇರುತ್ತದೆ, ಆದರೆ ಮಣಿಕಟ್ಟಿನ ಕಡೆ ಕಣ್ಣು ಹಾಯಿಸುವ ಅಭ್ಯಾಸವಿದ್ದವರಿಗೆ ತಲೆಯೆತ್ತಿ ಗೋಡೆ ನೋಡುವುದು ನೆನಪಾಗುವುದಿಲ್ಲ. ರಸಾಯನಶಾಸ್ತ್ರ ಮುಗಿಸಿ ತಲೆಯೆತ್ತಿದಾಗ ನಾಲ್ಕು ಗಂಟೆ ದಾಟಿತ್ತು ಎಂದು ಆಕೆ ಹೇಳಿದಳು. ನಮ್ಮ ಅಣಕು ಪರೀಕ್ಷೆ ಬೆಳಿಗ್ಗೆ ಒಂಬತ್ತೂವರೆಗೆ ಶುರುವಾಗುತ್ತಿತ್ತು, ನೀಟ್ ಮಧ್ಯಾಹ್ನ 2ರಿಂದ 5ರವರೆಗೆ ನಡೆಯುತ್ತದೆ. ಇದರಿಂದ ಎಷ್ಟು ಅಂಕ ಹೋಯಿತು ಎಂದು ಅಳೆಯುವ ದಾರಿ ನನಗಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಅಂಕ ಬಿದ್ದಿತು, ಸ್ಥಾನ ಬೀಳಲಿಲ್ಲ

ಇಲ್ಲಿಯವರೆಗಿನದು ಆಕೆಯೊಬ್ಬಳ ಕಥೆ. ಆದರೆ ನನ್ನ ಹಾಳೆಯ 620 ಎಂಬ ಸಂಖ್ಯೆಯ ದೊಡ್ಡ ತಪ್ಪು ಇರುವುದು ಬೇರೆ ಕಡೆ.

2024ರ ನೀಟ್‌ನಲ್ಲಿ ಮೊದಲು 67 ಮಂದಿಗೆ 720ಕ್ಕೆ 720 ಬಂದಿತ್ತು. ಕೃಪಾಂಕ ರದ್ದಾಗಿ, ಭೌತಶಾಸ್ತ್ರದ ಒಂದು ಪ್ರಶ್ನೆಯ ಉತ್ತರ ಬದಲಾಗಿ, ಪರಿಷ್ಕೃತ ಫಲಿತಾಂಶ ಬಂದಾಗ ಆ ಸಂಖ್ಯೆ 17ಕ್ಕೆ ಇಳಿಯಿತು. ಆ ವರ್ಷ 700 ಮತ್ತು ಅದಕ್ಕಿಂತ ಹೆಚ್ಚು ಪಡೆದವರೇ 2,300ಕ್ಕೂ ಹೆಚ್ಚು, 650 ಮತ್ತು ಅದಕ್ಕಿಂತ ಹೆಚ್ಚು ಪಡೆದವರು ಒಟ್ಟು ಸುಮಾರು 30 ಸಾವಿರ ಮಂದಿ. 600 ದಾಟಿದವರು ಒಟ್ಟು 80 ಸಾವಿರದ ಆಸುಪಾಸು. ಮರುವರ್ಷ, 2025ರಲ್ಲಿ, ಇಡೀ ದೇಶದ ಅತ್ಯಧಿಕ ಅಂಕವೇ 686. 651 ಮತ್ತು ಅದಕ್ಕಿಂತ ಮೇಲಿದ್ದವರು ಕೇವಲ 73. 601ರಿಂದ 650ರ ನಡುವೆ 1,259 ಮಂದಿ. ಎರಡೂ ವರ್ಷ ಪರೀಕ್ಷೆ ಬರೆದವರ ಸಂಖ್ಯೆಯಲ್ಲಿ ದೊಡ್ಡ ಅಂತರವಿಲ್ಲ, 2024ರಲ್ಲಿ 23 ಲಕ್ಷಕ್ಕೂ ಹೆಚ್ಚು, 2025ರಲ್ಲಿ 22 ಲಕ್ಷಕ್ಕೂ ಹೆಚ್ಚು.

ನಮ್ಮ ಅಣಕು ಪತ್ರಿಕೆಗಳು 2023 ಮತ್ತು 2024ರ ಕಠಿಣತೆಯನ್ನು ಅನುಸರಿಸಿ ಸಿದ್ಧವಾದವು. ಅಂಥ ಪತ್ರಿಕೆಯಲ್ಲಿ 620 ಪಡೆದ ವಿದ್ಯಾರ್ಥಿನಿ 2024ರಲ್ಲಿ ನೀಟ್ ಬರೆದಿದ್ದರೆ ಆಕೆಯ ಅಖಿಲ ಭಾರತ ರ‍್ಯಾಂಕ್ ಅರವತ್ತು ಸಾವಿರದ ಆಚೀಚೆ ಇರುತ್ತಿತ್ತು. 2025ರಲ್ಲಿ 491ಕ್ಕೆ ಆಕೆಗೆ ದೊರೆತ ರ‍್ಯಾಂಕ್ ಕೂಡ ಅರವತ್ತು ಸಾವಿರದ ಆಚೀಚೆಯೇ. ಇಪ್ಪತ್ತೆರಡು ಲಕ್ಷ ಮಂದಿಯಲ್ಲಿ ಆಕೆ ಮೊದಲ ನೂರಕ್ಕೆ ಮೂವರೊಳಗೆ ಇದ್ದಾಳೆ ಎಂದು ಅಣಕು ಪರೀಕ್ಷೆ ಹೇಳಿತ್ತು. ನಿಜವಾದ ಪರೀಕ್ಷೆಯೂ ಅದನ್ನೇ ಹೇಳಿತು. ನಾನು ಮಾತ್ರ ಅದನ್ನು ಅಂಕದ ಭಾಷೆಯಲ್ಲಿ ಮನೆಯವರಿಗೆ ಹೇಳಿಬಿಟ್ಟಿದ್ದೆ. ಅಂಕ ಎನ್ನುವುದು ಆಯಾ ವರ್ಷದ ಪತ್ರಿಕೆಗೆ ಕಟ್ಟುಬಿದ್ದದ್ದು, ಸೀಟು ಹಂಚುವುದು ರ‍್ಯಾಂಕಿನ ಮೇಲೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಾಮಾನ್ಯ ವರ್ಗದ ಅರ್ಹತಾ ಅಂಕ, ಅಂದರೆ ಪರೀಕ್ಷೆ ಬರೆದವರ ನಟ್ಟನಡುವಿನ ಗೆರೆ, 2024ರಲ್ಲಿ ಪರಿಷ್ಕರಣೆಯ ನಂತರ 162 ಇದ್ದದ್ದು 2025ರಲ್ಲಿ 144 ಆಯಿತು. ನಡುವಿನವರಿಗೆ ಇಳಿದದ್ದು 18 ಅಂಕ, ನಮ್ಮ ವಿದ್ಯಾರ್ಥಿನಿಯ ಎತ್ತರದಲ್ಲಿ ಇಳಿದದ್ದು 130ರ ಸನಿಹ. ಕಠಿಣ ಪತ್ರಿಕೆ ಎಲ್ಲರ ಅಂಕವನ್ನೂ ಒಂದೇ ಸಮ ಇಳಿಸುವುದಿಲ್ಲ. ಕಷ್ಟದ ಪ್ರಶ್ನೆಯನ್ನು ಮೊದಲೇ ಬಿಡುತ್ತಿದ್ದವರು ಈಗಲೂ ಬಿಡುತ್ತಾರೆ, ಅವರಿಗೆ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲ. ಎಲ್ಲ ಪ್ರಶ್ನೆಗಳನ್ನೂ ಮುಟ್ಟುತ್ತಿದ್ದವರಿಗೇ ಪೆಟ್ಟು ಹೆಚ್ಚು. ನಮ್ಮ ಕಾಲೇಜಿನಿಂದ ಅಣಕು ಪರೀಕ್ಷೆಯನ್ನೂ ನೀಟ್ ಅನ್ನೂ ಬರೆದ 22 ವಿದ್ಯಾರ್ಥಿಗಳಲ್ಲಿಯೂ ಇದೇ ಕಂಡಿತು: ಅಣಕು ಸರಾಸರಿಯಲ್ಲಿ ಮೊದಲ ಐವರು ಕಳೆದುಕೊಂಡದ್ದು 108ರಿಂದ 158 ಅಂಕ, 350ಕ್ಕಿಂತ ಕೆಳಗಿದ್ದವರು ಕಳೆದುಕೊಂಡದ್ದು 20ರಿಂದ 40. ಆದ್ದರಿಂದ 'ನೀಟ್‌ನಲ್ಲಿ ಅಣಕು ಪರೀಕ್ಷೆಗಿಂತ ಇಷ್ಟು ಅಂಕ ಕಡಿಮೆ ಬರುತ್ತದೆ' ಎಂದು ಎಲ್ಲರಿಗೂ ಒಂದೇ ಸಂಖ್ಯೆ ಹೇಳುವ ರೂಢಿಗೆ ಆಧಾರವಿಲ್ಲ.

ಆ 22 ಮಂದಿಯ ಸ್ಥಾನಗಳ ಕ್ರಮ ಮಾತ್ರ ಬಹಳ ಬದಲಾಗಲಿಲ್ಲ. ಅಣಕು ಪರೀಕ್ಷೆಯ ಮೊದಲ ಐವರಲ್ಲಿ ನಾಲ್ವರು ನೀಟ್‌ನಲ್ಲಿಯೂ ಮೊದಲ ಆರರೊಳಗಿದ್ದರು. ನಮ್ಮ ವಿದ್ಯಾರ್ಥಿನಿ ಮೊದಲನೆಯ ಸ್ಥಾನದಿಂದ ಎರಡಕ್ಕೆ ಇಳಿದಳು. ಕ್ರಮ ಮುರಿದವರು ಇಬ್ಬರು. ಒಂಬತ್ತನೆಯ ಸ್ಥಾನದಲ್ಲಿದ್ದ ಹುಡುಗನೊಬ್ಬ 541ರಿಂದ 482ಕ್ಕೆ ಮಾತ್ರ ಇಳಿದು ಮೂರನೆಯವನಾದ. ಅವನು ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಕೂಡ ಬರೆದವನು, ದೀರ್ಘ ಲೆಕ್ಕಗಳು ಅವನಿಗೆ ದಿನನಿತ್ಯದವು, ನಮ್ಮ ಸುಲಭ ಪತ್ರಿಕೆಗಳಲ್ಲಿ ಅವನ ಆ ಶಕ್ತಿ ಕಾಣುತ್ತಲೇ ಇರಲಿಲ್ಲ. ನಾಲ್ಕನೆಯ ಸ್ಥಾನದಲ್ಲಿದ್ದ ಇನ್ನೊಬ್ಬ ಹನ್ನೊಂದಕ್ಕೆ ಜಾರಿದ. ಅವನ ಊರು ದೂರವಾದ್ದರಿಂದ ಪತ್ರಿಕೆಯನ್ನು ಮನೆಗೇ ಕಳಿಸುತ್ತಿದ್ದೆವು. ನಡುವೆ ಊಟಕ್ಕೆ ಏಳುತ್ತಿದ್ದೆ, ಎದ್ದಷ್ಟು ಹೊತ್ತನ್ನು ಸೇರಿಸಿಕೊಂಡು ಬರೆಯುತ್ತಿದ್ದೆ ಎಂದು ಆಮೇಲೆ ಅವನೇ ತಿಳಿಸಿದ. ಮೂರು ಗಂಟೆ ಕದಲದೆ ಕುಳಿತು ಬರೆಯುವ ಅಭ್ಯಾಸವನ್ನು ಅವನಿಂದ ನಾವು ಮಾಡಿಸಿರಲೇ ಇಲ್ಲ.

ಮೇ 4ರಿಂದ ಜೂನ್ 14ರವರೆಗೆ

ಪರೀಕ್ಷೆಗೂ ಫಲಿತಾಂಶಕ್ಕೂ ನಡುವಿನ ನಲವತ್ತೊಂದು ದಿನಗಳಲ್ಲಿ ಆ ಮನೆಯಲ್ಲಿ ನಡೆದದ್ದನ್ನು ಇಲ್ಲಿ ದಾಖಲಿಸುವುದು ಅಗತ್ಯ, ಏಕೆಂದರೆ ತಪ್ಪಾಗಿ ಓದಿದ ಅಣಕು ಅಂಕದ ನಿಜವಾದ ಬೆಲೆ ತೆತ್ತದ್ದು ಆಗ. ಆಕೆ ಗೆಳತಿಯರ ಫೋನ್ ತೆಗೆಯುವುದನ್ನು ಬಿಟ್ಟಳು. ಮೇ 24ರಂದು ಬಂದ ಸಿಇಟಿ ಫಲಿತಾಂಶ ಚೆನ್ನಾಗಿದ್ದರೂ ಅದನ್ನು ನೋಡಿ ಸಂತೋಷಪಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. 'ಐನೂರು ದಾಟದವರಿಗೆ ಸೀಟಿಲ್ಲ' ಎಂದು ನೆಂಟರೊಬ್ಬರು ಹೇಳಿದ್ದು ಹಿಂದಿನ ವರ್ಷದ ಲೆಕ್ಕದಿಂದ. ಮರುವರ್ಷದ ನೀಟ್ ಬರೆಯುವವರಿಗೆ ವರ್ಷವಿಡೀ ಕಲಿಸುವ ಲಾಂಗ್ ಟರ್ಮ್ ಕೋಚಿಂಗ್ ಕೇಂದ್ರವೊಂದು ಮೇ 20ರೊಳಗೆ ಸೇರಿದರೆ ಶುಲ್ಕದಲ್ಲಿ ರಿಯಾಯಿತಿ ಎಂದಿತ್ತು. ತಂದೆ ನನ್ನನ್ನು ಕೇಳಲು ಬಂದಾಗ, ಫಲಿತಾಂಶ ಬರುವವರೆಗೆ ಕಾಯಿರಿ, ಈ ಸಲ ಎಲ್ಲರ ಅಂಕವೂ ಇಳಿಯುವಂತೆ ಕಾಣುತ್ತದೆ ಎಂದೆ. ಅವರು ತಲೆ ಬಗ್ಗಿಸಿ ಕೇಳಿಸಿಕೊಂಡರು, ಆದರೆ ಹತ್ತು ಸಾವಿರ ಮುಂಗಡ ಕಟ್ಟಿಬಂದರು. ಒಮ್ಮೆ 620 ಎಂದಿದ್ದ ನನ್ನ ಮಾತನ್ನು ಎರಡನೆಯ ಸಲ ಅವರು ನಂಬದಿದ್ದುದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆ ಹಣ ಮರಳಿ ಬರಲಿಲ್ಲ.

ಫಲಿತಾಂಶದ ದಿನ ಸಂಜೆ ಆಕೆಯೇ ಫೋನ್ ಮಾಡಿದಳು. ಅಂಕವನ್ನು ಮೊದಲು ಹೇಳಿದಳು, ಸ್ವರ ತಗ್ಗಿತ್ತು. ರ‍್ಯಾಂಕ್ ಎಷ್ಟು ಎಂದು ಕೇಳಿದೆ. ಹೇಳಿದಳು. ಹಿಂದಿನ ವರ್ಷ ಇದೇ ರ‍್ಯಾಂಕಿಗೆ ಎಷ್ಟು ಅಂಕ ಬೇಕಿತ್ತು ಎಂದು ವಿವರಿಸುತ್ತಾ ಹೋದಂತೆ ಆ ಕಡೆಯಿಂದ ಮಾತು ನಿಂತಿತು, ಬಳಿಕ ತಾಯಿಯನ್ನು ಕರೆಯುವ ದನಿ ಕೇಳಿಸಿತು. ಕೆಇಎ ಕೌನ್ಸೆಲಿಂಗ್‌ನಲ್ಲಿ ಆಕೆಗೆ ಖಾಸಗಿ ವೈದ್ಯಕೀಯ ಕಾಲೇಜೊಂದರ ಸರ್ಕಾರಿ ಕೋಟಾದ ಸೀಟು ಸಿಕ್ಕಿತು. ಸರ್ಕಾರಿ ಕಾಲೇಜಿನ ಆಸೆ ಕೈಗೂಡಲಿಲ್ಲ. ಖಾಲಿ ಬಿಟ್ಟ ಆ ಒಂಬತ್ತು ಪ್ರಶ್ನೆಗಳ 36 ಅಂಕ ಸೇರಿದ್ದರೆ ಒಟ್ಟು 527 ಆಗಿ ರ‍್ಯಾಂಕ್ ಬಹಳಷ್ಟು ಮೇಲೇರುತ್ತಿತ್ತು, ಅದನ್ನು ಆಕೆಯಿಂದ ನಾನು ಮುಚ್ಚಿಡಲಿಲ್ಲ.

ಈ ವರ್ಷ

ಹಾಸ್ಟೆಲಿಗೆ ಹೊರಡುವ ಮುನ್ನ ಆಕೆ ಆ ಪ್ರಶ್ನೆಪತ್ರಿಕೆಯನ್ನು ನನ್ನ ಬಳಿಯೇ ಬಿಟ್ಟುಹೋದಳು. ನವೆಂಬರ್‌ನ ಒಂದು ಭಾನುವಾರ ಈಗಿನ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಲ್ಲಿ ಅದನ್ನು ನೋಡಿರದ ಹತ್ತೊಂಬತ್ತು ಮಂದಿಗೆ ಅದರ ಪ್ರತಿಗಳನ್ನು ಕೊಟ್ಟು, ಮಧ್ಯಾಹ್ನ 2ರಿಂದ 5ರವರೆಗೆ, ಕೈಗಡಿಯಾರಗಳನ್ನು ಬಾಗಿಲ ಬಳಿ ಇಡಿಸಿ ಬರೆಯಿಸಿದೆವು. ರಸಾಯನಶಾಸ್ತ್ರ ಎಷ್ಟೇ ಬಾಕಿ ಇರಲಿ, 55 ನಿಮಿಷವಾದ ಕೂಡಲೇ ಮುಂದಿನ ವಿಷಯಕ್ಕೆ ಹೋಗಬೇಕು ಎಂದು ಅರ್ಧದಷ್ಟು ಮಂದಿಗೆ ಹೇಳಿದ್ದೆವು. ಹಾಗೆ ಮಾಡಿದವರಲ್ಲಿ ಭೌತಶಾಸ್ತ್ರದ ಖಾಲಿ ಪ್ರಶ್ನೆಗಳು ಕಡಿಮೆ ಇದ್ದವು. ಹತ್ತೊಂಬತ್ತೇ ಮಂದಿಯ ಒಂದೇ ಪರೀಕ್ಷೆ ಇದು, ಹಾಗಾಗಿ ಇದರಿಂದ ನಿಯಮ ಮಾಡಲು ಹೊರಟಿಲ್ಲ. ಫೆಬ್ರುವರಿಯಲ್ಲಿ ಬೇರೆ ಪತ್ರಿಕೆಯಿಂದ ಮತ್ತೆ ನೋಡುತ್ತೇವೆ.

ಅಂದು ಸಂಜೆ ಪಾಲಕರಿಗೆ ಕೊಟ್ಟ ಹಾಳೆಯಲ್ಲಿ 'ನಿರೀಕ್ಷಿತ ನೀಟ್ ಅಂಕ' ಎಂಬ ಕಾಲಂ ಇರಲಿಲ್ಲ. ಅದರ ಜಾಗದಲ್ಲಿ ಇದ್ದದ್ದು ಪರೀಕ್ಷೆ ಬರೆದವರಲ್ಲಿ ಸ್ಥಾನ, ವಿಷಯವಾರು ಸರಿ, ತಪ್ಪು ಮತ್ತು ಖಾಲಿ ಪ್ರಶ್ನೆಗಳು, ಕೊನೆಯ ವಿಷಯಕ್ಕೆ ಉಳಿದ ನಿಮಿಷಗಳು. ತಾಯಿಯೊಬ್ಬರು ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿ, "ಹಂಗಾದ್ರೆ ಇವನಿಗೆ ನೀಟಲ್ಲಿ ಎಷ್ಟು ಬರ್ತದೆ ಸರ್?" ಎಂದು ಕೇಳಿದರು. ಪಕ್ಕದ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಬಿಳಿ ಹಾಳೆಯೊಂದರ ಮೇಲೆ 620 ಮತ್ತು 491 ಎಂದು ಅಕ್ಕಪಕ್ಕ ಬರೆದು, ಎರಡರ ಕೆಳಗೂ ಅರವತ್ತು ಸಾವಿರ ಎಂದು ಬರೆದು, ಅಲ್ಲಿಂದ ಹೇಳಲು ಶುರುಮಾಡಿದೆ.